ವ್ಯಾನಿನ ಕಪ್ಪು ನೆಲ

ಹೊಳೆ ಇಳಿದು ವರ್ಷವಾಗುತ್ತ ಬಂದಿದ್ದರೂ ಪಾರಿಸನ ವ್ಯಾನಿನಿಂದ ಹೊಳೆಯ ವಾಸನೆ ಹೋಗಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಕೃಷ್ಣೆ, ವಾರಣೆ ಎರಡೂ ಒಟ್ಟಿಗೆ ಏರಿ ಹರಿಪುರದ ಕೆಳಗಿನ ಓಣಿಗೆ ನುಗ್ಗಿದಾಗ ವ್ಯಾನು ಸೀಟಿನ ಮಟ್ಟದ ನೀರಿನಲ್ಲಿ ನಿಂತಿತ್ತು. ಆಮೇಲೆ ಎಂಜಿನ್ನು ಬಿಚ್ಚಿಸಿ ಕಟ್ಟಿಸಿದ್ದಾಯಿತು, ಸೀಟುಗಳೂ ಬದಲಾದವು. ನೆಲದ ಕಾರ್ಪೆಟ್ ಮಾತ್ರ ಹಾಗೇ ಉಳಿಯಿತು. ಬಿಸಿಲಿದ್ದಾಗ ಒಣಗಿದಂತೆ ಕಾಣುತ್ತಿತ್ತು. ಮೋಡ ಕವಿದ ದಿನ ಕಾಲಿಟ್ಟರೆ ಪಿಚಕ್ಕನೆ ನೀರು ಬಿಡುತ್ತಿತ್ತು.

ಸಾಂಗ್ಲಿ ಪೇಟೆಗೆ ಅರಿಷಿಣ, ಬದನೆಕಾಯಿ ಹೇರುವ ಪಾರಿಸನಿಗೆ ಅದರಿಂದ ಅಡ್ಡಿಯಿರಲಿಲ್ಲ. ತೊಂದರೆಯಾದದ್ದು ಅವನ ತಾಯಿ ಚಂಪವ್ವನಿಗೆ. ಆಕೆಗೆ ದಮ್ಮು. ತಿಂಗಳಿಗೊಮ್ಮೆ ಮಿರಜಿನ ಡಾಕ್ಟರರಿಗೆ ತೋರಿಸಬೇಕು. ಮನೆಯಲ್ಲಿ ಹತ್ತುವಾಗ ಇದ್ದ ಉಬ್ಬಸ ಮಿರಜಿನಲ್ಲಿ ಇಳಿಯುವಾಗ ದುಪ್ಪಟ್ಟಾಗಿರುತ್ತಿತ್ತು. ಹೋದ ಸಲ ಡಾಕ್ಟರರು ಅದೂ ಇದೂ ಕೇಳುತ್ತ ಹೋದಾಗ ಸೊಸೆ ಛಾಯಾ ಕಾರ್ಪೆಟ್ಟಿನ ಮಾತು ತೆಗೆದಳು. "ಬೂಷ್ಟು ಹಿಡಿದಿರುತ್ತದೆ. ಮೊದಲು ಅದನ್ನು ಕಿತ್ತು ಒಗೆಯಿರಿ" ಎಂದರು ಅವರು.

ಪಾರಿಸನ ಚಿಕ್ಕಪ್ಪನ ಮಗ ಮಯೂರ ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ದುಡಿಯುತ್ತಿದ್ದ. ಆಸಿಡ್ ತುಂಬುವ ಟ್ಯಾಂಕುಗಳ ಒಳಮೈಗೆ ಕಪ್ಪು ಲೇಪ ಹಚ್ಚುವ ಸಣ್ಣ ಕಾರಖಾನೆ ಅದು. ವಿಷಯ ತಿಳಿದು ಎರಡು ಡಬ್ಬಿ ತಂದು ಕಟ್ಟೆಯ ಮೇಲಿಟ್ಟ.

"ಹೊಸಾ ಕಾರ್ಪೆಟ್ ಯಾಕ್ ಹಾಕಸ್ತಿ ದಾದಾ? ಮತ್ತ ಹೊಳಿ ಬರತೈತಿ, ಮತ್ತ ನಾರತೈತಿ. ಇದನ್ನ ಬಳಿ. ಆಮ್ಯಾಲ ಕೊಡಾ ನೀರ ಸುರುವಿ ತೊಳಿ, ಫರಸಿ ನೆಲಾ ಇದ್ದಂಗ."

"ಬಳಿಯೋರು ಯಾರು?"

"ನೀನ. ಮನಿ ನೆಲಾ ಸಾರಸೂದ ಬ್ಯಾರೆ ಅಲ್ಲ, ಇದ ಬ್ಯಾರೆ ಅಲ್ಲ. ಬರದಿದ್ರ ವೈನಿ ಕಲಿಸ್ತಾಳ."

"ಸಗಣಿ ಕಲಸಾಕೂ ಬರೂದಿಲ್ಲ ನಿಮ್ಮ ದಾದಾಗ" ಎಂದಳು ಛಾಯಾ.

ಮಯೂರ ನಕ್ಕ. ಬಳಿಕ ನಗು ಬಿಟ್ಟು ಹೇಳಿದ: "ದೊಡ್ಡ ಡಬ್ಬಿಗೆ ಸಣ್ಣದನ್ನ ಸುರುವಿ ಕಲಸು. ಕಲಸಿದ ಮ್ಯಾಲ ತಡಾ ಮಾಡಬ್ಯಾಡ, ಡಬ್ಬಿಯೊಳಗ ಕಲ್ಲಾಗತೈತಿ. ತೆಳ್ಳಗ ಹಚ್ಚು. ಮತ್ತ ಬಾಗಲಾ, ಕಿಡಕಿ ಕಾಚಾ ಎಲ್ಲಾ ತಗದ ಇಡು. ಗಾಳಿ ಆಡದಿದ್ರ ಅದರ ವಾಸನಿ ಒಳಗ ಕುಂತ ಬಿಡತೈತಿ. ನಮ್ಮಲ್ಲಿ ಟ್ಯಾಂಕಿನ್ಯಾಗ ಇಳದವಗ ಮ್ಯಾಲಿಂದ ಫ್ಯಾನ್ ಹಚ್ಚಿ ಗಾಳಿ ಬಿಡತಾರ, ತಿಳೀತ?"

"ತಿಳೀತ ತಗೋ."

ಡಾಕ್ಟರರ ದಿನ ಗುರುವಾರ. ಸೋಮವಾರವೇ ಹಚ್ಚಿ ಮುಗಿಸಬೇಕೆಂದು ಪಾರಿಸ ಎಣಿಸಿದ್ದ. ಆದರೆ ಮಳೆ ಬಿಡಲಿಲ್ಲ. ಬುಧವಾರ ಮಧ್ಯಾಹ್ನ ಮೋಡ ಸರಿದು ಬಿಸಿಲು ಬಿದ್ದಾಗ ಸೀಟು ಬಿಚ್ಚಿ ಹೊರಗಿಟ್ಟು ಕಾರ್ಪೆಟ್ಟಿಗೆ ಕೈ ಹಾಕಿದ. ಅದು ಚರ್ಮ ಸುಲಿದಂತೆ ಎದ್ದು ಬಂತು. ಕೆಳಗೆ ಹೊಳೆಯ ನುಣ್ಣನೆ ರೇವೆಮಣ್ಣು, ಅದರಡಿ ಕೆಂಪು ತುಕ್ಕು. ಗಂಡ ಹೆಂಡತಿ ಸೇರಿ ತಂತಿಯ ಬ್ರಶ್ಶಿನಿಂದ ಉಜ್ಜಿದರು, ತೊಳೆದರು, ಹಳೆಯ ಧೋತರದಿಂದ ಒರೆಸಿದರು. ಅಷ್ಟರಲ್ಲಿ ಬಿಸಿಲು ಓರೆಯಾಗಿತ್ತು.

ಲೇಪ ಕಲಸಿ ಹಚ್ಚತೊಡಗಿದಾಗ ಚಂಪವ್ವ ಕಟ್ಟೆಗೆ ಬಂದು ಕೂತಳು. ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಆಕೆ ಊಟವಿರಲಿ, ನೀರನ್ನೂ ಮುಟ್ಟುತ್ತಿರಲಿಲ್ಲ. ಮಗ ತಾಟಿನ ಮುಂದೆ ಕೂಡದೆ ತಾನು ಕೂಡುತ್ತಲೂ ಇರಲಿಲ್ಲ.

"ಪಾರಿಸಾ, ಹೊತ್ತ ಇಳದೈತೋ."

"ನೀ ಉಣ್ಣ ನಡಿ ಅವ್ವಾ, ಬಂದೆ."

"ನಿಮ್ಮಪ್ಪಾನೂ ಹಿಂಗ ಬಂದೆ ಬಂದೆ ಅಂತಿದ್ದ. ಕೆಲಸಾ ಮುಗಿಲಿಲ್ಲ, ಅಂವಾ ಮುಗದಾ."

ಪಾರಿಸ ನಗುತ್ತ ಕೈ ಚುರುಕು ಮಾಡಿದ. ಒಂದು ಸುತ್ತು ಮುಗಿದರೂ ಡಬ್ಬಿಯಲ್ಲಿ ಅರ್ಧದಷ್ಟು ಉಳಿದಿತ್ತು. ಇಟ್ಟರೆ ಕಲ್ಲಾಗುತ್ತದೆ. ಹೊಲದಲ್ಲಿ ಒಂದು ಹಿಡಿ ಗೊಬ್ಬರವನ್ನೂ ಬದುವಿಗೆ ಚೆಲ್ಲದವನು ಅದನ್ನು ಚೆಲ್ಲಿಯಾನೇ? ಹಿಂದಿನ ಸೀಟಿನ ಜಾಗಕ್ಕೆ ಪೂರ್ತಿ ಸುರಿದು, ಕಾಣದ ಮೂಲೆಗೆ ಬಲ್ಬು ಹಚ್ಚಿಕೊಂಡು ಎಳೆದ. ದಪ್ಪನಾದ ಕಪ್ಪು ಮೈ ಎಣ್ಣೆಯಂತೆ ಹೊಳೆಯಿತು.

ಆ ಹೊಳಪಿಗೇ ಮಳೆಹುಳಗಳು ಬಂದವು. ಮೊದಲು ಒಂದೆರಡು, ಆಮೇಲೆ ಹೊಳೆಯ ಕಡೆಯಿಂದ ಹಿಂಡು ಹಿಂಡಾಗಿ. ಬಲ್ಬಿಗೆ ಬಡಿದು ನೆಲಕ್ಕೆ ಬಿದ್ದವು, ಬಿದ್ದಲ್ಲೇ ಅಂಟಿಕೊಂಡು ರೆಕ್ಕೆ ಅದುರಿಸಿದವು. ಪಾರಿಸ ಬೇವಿನ ಕಡ್ಡಿಯಿಂದ ಒಂದನ್ನು ಎತ್ತಿದ. ಮೈ ಬಂತು, ರೆಕ್ಕೆ ಬರಲಿಲ್ಲ.

ಚಂಪವ್ವ ಎದ್ದು ಬಂದಿದ್ದಳು. "ಅಯ್ಯ, ಜೀವ ಸಾಯಾಕತ್ತಾವಲ್ಲೋ! ದೀಪಾ ಆರಸು. ಬಾಗಲಾ ಹಾಕು."

"ಬಾಗಲಾ ತಗದ ಇಡು ಅಂದಾನ ಮಯೂರ."

"ಅವಗೇನು, ಅಂದಾನು. ಚಾತುರ್ಮಾಸದಾಗ ಎಷ್ಟ ಜೀವಾ ಅದರಾಗ ಹಾಕತಿ? ನನ್ನ ಸಲುವಾಗಿ ಬಳಿಯಾಕತ್ತಿ, ಪಾಪ ನನ್ನ ತಲಿ ಮ್ಯಾಲ ಬರತೈತಿ."

ಪಾರಿಸ ಛಾಯಾಳ ಮುಖ ನೋಡಿದ. ಆಕೆ ಅಂಟಿದ ಹುಳಗಳನ್ನು ನೋಡುತ್ತಿದ್ದಳು. ಅವನು ಬಲ್ಬು ಆರಿಸಿದ, ಕಿಟಕಿಯ ಗಾಜು ಏರಿಸಿದ, ಬಾಗಿಲು ಜಗ್ಗಿ ಮುಚ್ಚಿದ. ಬೆಳಿಗ್ಗೆ ತೆಗೆದರಾಯಿತು ಎಂದುಕೊಂಡ. ಉಳಿದ ಬೆಳಕಿನಲ್ಲಿ ಮೂವರೂ ರೊಟ್ಟಿ ಮುರಿದರು. ಚಂಪವ್ವ ನೀರು ಕುಡಿದು ಲೋಟ ಕವುಚಿ ಹಾಕಿದ ಮೇಲೆ ಹೊತ್ತು ಮುಳುಗಿತು.

ಬೆಳಿಗ್ಗೆ ಮತ್ತೆ ಮಳೆ. ಬಾಗಿಲು ತೆಗೆದಾಗ ಘಾಟು ಪಾರಿಸನ ಕಣ್ಣಿಗೆ ಹೊಡೆಯಿತು. ಬೆರಳೊತ್ತಿ ನೋಡಿದ. ಮುಂದೆ ಗಟ್ಟಿಯಾಗಿತ್ತು, ಹಿಂದೆ, ಸುರಿದ ಕಡೆ, ಕೆನೆಗಟ್ಟಿದ ಬೆಲ್ಲದ ಪಾಕದಂತೆ ತುಸು ಕುಸಿಯಿತು. ಥಂಡಿಗೆ ಚಂಪವ್ವನ ಎದೆ ಆಗಲೇ ಸುಯ್ಯೆನ್ನುತ್ತಿತ್ತು.

"ರಿಕ್ಷಾ ತರಸ್ರಿ. ಇದರಾಗ ನನಗ ತಲಿ ತಿರಗತೈತಿ, ಅತ್ತಿ ಹೆಂಗ ಕುಂಡರತಾರ?" ಎಂದಳು ಛಾಯಾ.

"ಯಾರ ಸಲುವಾಗಿ ಬಳದೇನಿ ಇದನ್ನ? ಹೊಂಟ ಮ್ಯಾಲ ಗಾಳಿ ಆಡತೈತಿ" ಎಂದು ಅವನು ಗೋಣಿತಟ್ಟು ಹಾಸಿ, ಮೇಲೆ ಸೀಟು ಕೂರಿಸಿದ.

"ನನ್ನ ಮಗಾ ನೆಲಾ ಸಾರಸ್ಯಾನ, ನಾ ರಿಕ್ಷಾದಾಗ ಹೋಗ್ಲೇನು?" ಎಂದು ಚಂಪವ್ವ ಸೊಸೆಯ ಭುಜ ಹಿಡಿದು ಹತ್ತಿದಳು.

ಮಳೆಯ ಎರಚಲಿಗೆ ಗಾಜು ಇಳಿಸಲಾಗಲಿಲ್ಲ. ಸಾಂಗ್ಲಿ ದಾಟುವವರೆಗೆ ಚಂಪವ್ವ ಹಸಿರು ಸೀರೆಯ ಸೆರಗನ್ನು ಮೂಗಿಗೆ ಹಿಡಿದು ಕೂತಿದ್ದಳು. ವಿಶ್ರಾಮಬಾಗದಲ್ಲಿ ರಸ್ತೆ ಅಗಲ ಮಾಡುತ್ತಿದ್ದರು. ಹೊಸ ಅಂಗಡಿಗಳ ಮುಂದೆ ಅಗೆದ ಮಣ್ಣು, ಬಸ್ಸು, ಟೆಂಪೊ, ಎಲ್ಲವೂ ಸಿಕ್ಕಿಬಿದ್ದು ನಿಂತಿದ್ದವು. ನಿಂತ ವ್ಯಾನಿನ ಎಂಜಿನ್ನು ಸೀಟಿನಡಿಯಿಂದ ಕಾವು ಬಿಟ್ಟಿತು. ಕಾವಿಗೆ ನೆಲದ ಘಾಟು ಎದ್ದಿತು.

"ಹೆಂಗೈತಿ ಅವ್ವಾ?"

ಚಂಪವ್ವ ಕೈಯೆತ್ತಿ ಹೋಗು ಎಂಬಂತೆ ಸನ್ನೆ ಮಾಡಿದಳು. ಮಾತಾಡುವಷ್ಟು ಉಸಿರು ಆಕೆಯಲ್ಲಿರಲಿಲ್ಲ.

"ಏನ್ರೀ, ತುಟಿ ನೀಲಿ ಆಗ್ಯಾವು!" ಛಾಯಾ ಚೀರಿ ಬಾಗಿಲು ಸರಿಸಿದಳು. ಇಬ್ಬರೂ ಸೇರಿ ಮುದುಕಿಯನ್ನು ಮಳೆಯಲ್ಲೇ ಇಳಿಸಿ ಒಂದು ಅಂಗಡಿಯ ಮೆಟ್ಟಿಲಿಗೆ ಒರಗಿಸಿದರು. ತೊಯ್ದ ತಟ್ಟುಗಳು ಕಾಲಿಗೆ ತೊಡಕಿ ಕೆಸರಿಗೆ ಬಿದ್ದವು. ಗಾಳಿಗೆ ತೆರೆದ ಚಂಪವ್ವನ ಬಾಯಿ ತೆರೆದೇ ಇತ್ತು. ಜನ ಸೇರಿ ದಾರಿ ಬಿಡಿಸಿದರು. ಮಿರಜಿನ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿದರು, ಎದೆ ಒತ್ತಿದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರರು ಹೊರಗೆ ಬಂದು ಅಡ್ಡಡ್ಡ ತಲೆಯಾಡಿಸಿದರು.

ಅದೇ ವ್ಯಾನಿನಲ್ಲಿ ಎಲ್ಲ ಗಾಜು ಇಳಿಸಿ ಚಂಪವ್ವನನ್ನು ಊರಿಗೆ ತಂದರು. ಹಿಂದಿನ ಸೀಟು ತೆಗೆದು ಕಪ್ಪು ನೆಲದ ಮೇಲೆ ಮಲಗಿಸಿದ್ದರು. ಮನೆಯ ಮುಂದೆ ನೆರೆಯವರು ಎತ್ತಲು ಹೋದಾಗ ಸೀರೆಯ ಅಂಚು ನೆಲಕ್ಕೆ ಹಿಡಿದುಕೊಂಡಿತ್ತು. ಪಾರಿಸ ಉಗುರಿನಿಂದ ಬಿಡಿಸತೊಡಗಿದ. ಎಳೆ ಎಳೆಯಾಗಿ ಬಂತೇ ಹೊರತು ಬಿಡಲಿಲ್ಲ.

"ಹೊತ್ತ ಇಳದೈತಿ. ಮುಳಗೂದರಾಗ ಎಲ್ಲಾ ಮುಗೀಬೇಕು. ಕತ್ತರಿ ತರ್ರಿ" ಎಂದ ಓಣಿಯ ಹಿರಿಯ ಆದಪ್ಪ ಕಾಕಾ.

ಛಾಯಾ ಕತ್ತರಿ ತಂದಳು. ಗೇಣುದ್ದದ ಹಸಿರು ಅಂಚು ನೆಲದಲ್ಲೇ ಉಳಿಯಿತು, ಹುಳಗಳ ರೆಕ್ಕೆಗಳ ನಡುವೆ.

ಹೊಳೆದಂಡೆಯ ಸುಡುಗಾಡಿನಿಂದ ತಿರುಗಿ ಬರುವಾಗ ಮಯೂರ ಪಾರಿಸನ ಪಕ್ಕಕ್ಕೆ ಬಂದ. ಅತ್ತು ಅವನ ಕಣ್ಣು ಕೆಂಪಾಗಿತ್ತು. "ದಾದಾ, ಬಾಗಲಾ ತಗದ ಇಟ್ಟಿದ್ದಿಲ್ಲೇನು?"

ಹಿಂದೆ ಬರುತ್ತಿದ್ದ ಛಾಯಾ ನಿಂತಳು.

"ಮರತೆ" ಎಂದ ಪಾರಿಸ.

"ಅಷ್ಟ ಹೇಳಿದ್ನಲ್ಲೋ ನಾ!"

"ಹೇಳಿದ್ದಿ. ನಾ ಮರತೆ."

"ಅತ್ತಿನ…" ಎಂದು ಛಾಯಾ ಬಾಯಿ ತೆರೆದಳು. ಗಂಡನ ಮುಖ ನೋಡಿ ಮಾತು ನುಂಗಿ ಮುಂದೆ ನಡೆದಳು. ಊರಲ್ಲಿ ಆ ಮಾತೇ ನಿಂತಿತು: ಬಾಗಿಲು ತೆಗೆಯಲು ಮರೆತು ಪಾರಿಸ ತಾಯಿಯನ್ನು ಕಳೆದುಕೊಂಡ. ಕಟ್ಟೆಯ ಮೇಲೆ ಅವನು ಕೇಳುವಂತೆಯೇ ಆಡಿದರು. ಅವನು ಅಲ್ಲಗಳೆಯಲಿಲ್ಲ.

ಆ ದಿನದಿಂದ ವ್ಯಾನಿನ ಬಾಗಿಲುಗಳು ತೆರೆದೇ ಇದ್ದವು. ಎಂಟು ಹತ್ತು ದಿನ ಕಳೆದಿರಬೇಕು. ಮಳೆ ನಿಂತ ಒಂದು ಸಂಜೆ ಕಟ್ಟೆಯ ದೀಪ ಹತ್ತಿತು, ಹೊಳೆಯ ಕಡೆಯಿಂದ ಹುಳಗಳು ಬಂದವು. ಕೆಲವು ವ್ಯಾನಿನೊಳಗೆ ಬಿದ್ದವು. ಪಾರಿಸ ಎದ್ದು ಹೋಗಿ ಬಗ್ಗಿ ನೋಡಿದ. ನೆಲ ಕಲ್ಲಾಗಿತ್ತು. ಹುಳಗಳು ಹಸಿರು ಅಂಚಿನ ಮೇಲೆ ತುಸು ಹೊತ್ತು ಹರಿದಾಡಿ, ರೆಕ್ಕೆ ಕೊಡವಿ, ಒಂದೊಂದಾಗಿ ಹಾರಿಹೋದವು.

"ಉಣ್ಣಾಕ ಬರ್ರಿ, ಹೊತ್ತ ಮುಳಗೈತಿ" ಎಂದು ಛಾಯಾ ಒಳಗಿನಿಂದ ಕರೆದಳು.

"ಮುಳಗಿದ್ರ ಇವತ್ತಿಗೆ ಬ್ಯಾಡ ಬಿಡು" ಎಂದು ಅವನು ಅಲ್ಲೇ ನಿಂತ.