ಬಲಗಡೆ ಜೇಬಿನ ಚಾಕು

ಚಾಕು ಅಂಗಡಿಯ ಒಡತಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಕೆಲಸ ಏನು ಅಂತ ಹೇಳದವರಿಗೆ ಆಕೆ ಚಾಕು ಕೊಡುತ್ತಿರಲಿಲ್ಲ. ಮೀನಿಗಾದರೆ ತೆಳ್ಳಗೆ ಬಾಗುವಂಥದ್ದು, ಬ್ರೆಡ್ಡಿಗಾದರೆ ಹಲ್ಲಿರುವಂಥದ್ದು, ಮೂಳೆಗಾದರೆ ಭಾರದ್ದು. ಗಂಡ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷ ಹೀಗೇ ಅಂಗಡಿ ನಡೆಸಿದ್ದಳು.

ಆ ಸೋಮವಾರ ಮಾತ್ರ ನಿಯಮ ಸಡಿಲವಾಯಿತು. ಬಂದವನು ಆಕೆಯ ಮಗಳ ಗಂಡ, ಅಳಿಯ. ಆಸ್ಪತ್ರೆಯ ಔಷಧಿ ಉಗ್ರಾಣ ನೋಡಿಕೊಳ್ಳುವವನು, ಸೊಳ್ಳೆ ಹೊಡೆಯಲೂ ಹಿಂದೆ ಮುಂದೆ ನೋಡುವ ಮನುಷ್ಯ. ಗೆಳೆಯನೊಬ್ಬ ಚಾರಣಕ್ಕೆ ಹೋಗುತ್ತಾನೆ, ಸೈನಿಕರು ಇಟ್ಟುಕೊಳ್ಳುವಂಥ ಟ್ಯಾಕ್ಟಿಕಲ್ ಚಾಕು ಬೇಕಂತೆ ಎಂದ. ಚಾರಣಕ್ಕೆ ಅದೇ ಯಾಕೆ ಅಂತ ಕೇಳಬೇಕಿತ್ತು. ಅಳಿಯನನ್ನು ಕೆದಕುವುದು ಹೇಗೆ ಅಂತ ಸುಮ್ಮನಾದಳು. ಕಪ್ಪು ಬಣ್ಣದ, ಹೊಳೆಯದ ಮಡಚು ಚಾಕು ತೆಗೆದುಕೊಟ್ಟಳು. ಜೇಬಿಗೆ ಸಿಕ್ಕಿಸುವ ಕ್ಲಿಪ್ ಸಡಿಲವಿತ್ತು, ತಾನೇ ಬಿಗಿ ಮಾಡಿದಳು.

ಅವನು ಹೋದ ಮೇಲೆ, ಅವನು ಚಾಕು ನೋಡಿದ ರೀತಿ ನೆನಪಾಯಿತು. ಉಡುಗೊರೆಗೆ ಕೊಳ್ಳುವವರು ಹಿಡಿ ನೋಡುತ್ತಾರೆ, ಡಬ್ಬಿ ಕೇಳುತ್ತಾರೆ. ಅಳಿಯ ಡಬ್ಬಿ ಬೇಡ ಅಂದಿದ್ದ. ಬಲಗಡೆ ಜೇಬಿಗೆ ಸಿಕ್ಕಿಸಿ, ಎಳೆದು, ಒಂದೇ ಕೈಯಲ್ಲಿ ಬಿಚ್ಚಿ ನೋಡಿದ್ದ. ಒಂದು ಸಲ ಅಲ್ಲ, ಐದಾರು ಸಲ.

ಬುಧವಾರ ಮಗಳು ಫೋನ್ ಮಾಡಿದಳು. ಗಂಡ ಮಾತು ಬಿಟ್ಟಿದ್ದಾನೆ, ಬಾಗಿಲ ಚಿಲಕ ಮತ್ತೆ ಮತ್ತೆ ನೋಡುತ್ತಾನೆ, ಕೇಳಿದರೆ ಸಿಡುಕುತ್ತಾನೆ ಅಂದಳು. ಅಷ್ಟರಲ್ಲಿ ಅವನು ಬಂದನೇನೋ, ಮಾತು ಅರ್ಧಕ್ಕೇ ನಿಂತಿತು. ಮಗಳ ಮನೆಗೆ ಆ ಚಾಕು ಕೊಟ್ಟು ಕಳಿಸಿದವಳು ತಾನೇ ಅಲ್ಲವೇ? ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬೇಡದ್ದೇ ಕಣ್ಣ ಮುಂದೆ ಬರುತ್ತಿತ್ತು.

ಬಾಗಿಲು ತೆಗೆದವಳು ಮಗಳೇ. ತಾಯಿ ಮೊದಲು ಅವಳ ಕೈ, ಕುತ್ತಿಗೆ, ಮುಖ ನೋಡಿದಳು. ಎಲ್ಲಿಯೂ ಗಾಯ ಇರಲಿಲ್ಲ. ಅಳಿಯ ರಜೆ ಹಾಕಿ ಕಿಟಕಿಯ ಪಕ್ಕ ಕೂತಿದ್ದ, ಪರದೆ ಎಳೆದುಕೊಂಡು. ಚಾಕು ಗೆಳೆಯನಿಗೆ ಕೊಟ್ಟೆ ಅಂದ.

"ನಿಮ್ಮ ಜೇಬಿನ ಮೇಲೆ ಕಾಣ್ತಿರೋ ಕ್ಲಿಪ್ ನಾನು ಬಿಗಿ ಮಾಡಿದ್ದು," ಅಂದಳು ಅತ್ತೆ. "ಯಾರಿಗೆ ಅದು? ನನ್ನ ಮಗಳಿಗಾ?"

"ಅಯ್ಯೋ ಅತ್ತೆ," ಅಂದ. ಆಮೇಲೆ ತಡೆದು ತಡೆದು ಎಲ್ಲ ಹೇಳಿದ. ನೋವು ಕಳೆಯುವ ಇಂಜೆಕ್ಷನ್ ಡಬ್ಬಿಗಳ ಸೀಲು ಒಡೆದು ಔಷಧಿ ಕದ್ದಿದ್ದನ್ನು ಕಂಡು ಫೋಟೊ ತೆಗೆದಿಟ್ಟುಕೊಂಡಿದ್ದ. ಕದ್ದವರು ಮಾಲು ಸಾಗಿಸುವ ಇಬ್ಬರು ಚಾಲಕರು, ಅವರಿಗೆ ಅದು ಗೊತ್ತಾಗಿತ್ತು. ಬಾಯಿ ಬಿಟ್ಟರೆ ನಿನ್ನ ಹೆಂಡತಿ ಓಡಾಡುವ ದಾರಿ ನಮಗೂ ಗೊತ್ತು ಅಂದಿದ್ದರು. ನಾಲ್ಕು ದಿನದಿಂದ ಅವನ ಸ್ಕೂಟರಿನ ಹಿಂದೆ ಒಂದು ಬೈಕು ಬರುತ್ತಿತ್ತು.

ಮಗಳು ಹೋಗಿ ಬಾಗಿಲ ಚಿಲಕ ಹಾಕಿ ಬಂದಳು. ಅತ್ತೆ ಅಡುಗೆಮನೆಯಿಂದ ಮರದ ಸೌಟು ತಂದು ಅಳಿಯನ ಕೈಗೆ ಕೊಟ್ಟಳು. ಇದೇ ಚಾಕು ಅಂದುಕೊಂಡು ಜೇಬಲ್ಲಿಡಿ, ನಾನು ಮೇಲೆ ಬಿದ್ದಾಗ ತೆಗೀರಿ ಅಂದಳು. ಮೂರು ಸಲ ಮಾಡಿದರು. ಮೂರು ಸಲವೂ ಸೌಟು ಹೊರಗೆ ಬರುವ ಮೊದಲೇ ಅವನ ಮಣಿಕಟ್ಟು ಅವಳ ಹಿಡಿತದಲ್ಲಿತ್ತು. ಮೂರನೇ ಸಲ ಸೌಟಿನ ತುದಿ ತಿರುಗಿ ಅವನ ಹೊಟ್ಟೆಗೇ ಒತ್ತಿತು.

"ನನಗೆ ಅರವತ್ತೆರಡು. ಅವರು ಇಬ್ಬರು ಗಟ್ಟಿ ಆಳುಗಳು," ಅಂದಳು. "ಕಪ್ಪಗಿದ್ರೆ ಟ್ಯಾಕ್ಟಿಕಲ್ ಆಗಲ್ಲ. ಒದ್ದೆ ಕೈಲೂ ಜಾರಬಾರದು, ಒಂದೇ ಕೈಲಿ ಬಿಚ್ಚಬೇಕು, ಬಿಚ್ಚಿದ್ಮೇಲೆ ಅದಾಗೇ ಮಡಚ್ಕೋಬಾರದು. ಸೈನಿಕರು, ಬೆಂಕಿ ಆರಿಸೋರು ಹಗ್ಗ ಕೊಯ್ಯೋಕೆ, ಸೀಟ್ ಬೆಲ್ಟ್ ಕತ್ತರಿಸೋಕೆ ಇಟ್ಕೊಳ್ಳೋದು. ನಿಮ್ಮ ಭಯಕ್ಕೆ ಸರಿಹೋಗೋ ಚಾಕು ನನ್ನ ಅಂಗಡೀಲಿಲ್ಲ. ಫೋಟೊ ಎಲ್ಲಿದೆ?"

ಅವನು ಚಾಕು ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಮೊಬೈಲಿನಲ್ಲಿದ್ದ ಫೋಟೊ ತೆಗೆದು ತೋರಿಸಿದ.

ಆ ಮಧ್ಯಾಹ್ನವೇ ಮೂವರೂ ಆಟೋದಲ್ಲಿ ಆಸ್ಪತ್ರೆಗೆ, ಮುಖ್ಯ ವೈದ್ಯೆಯ ಕೋಣೆಗೆ ಹೋದರು. ವೈದ್ಯೆ ಫೋಟೊಗಳನ್ನು ಎರಡೆರಡು ಸಲ ನೋಡಿ, ಪೊಲೀಸರಿಗೆ ತಾವೇ ಫೋನ್ ಮಾಡಿದರು. ಆದರೂ ಆ ವಾರ ಅತ್ತೆ ಮಗಳ ಮನೆಯಲ್ಲೇ ಉಳಿದಳು. ಶುಕ್ರವಾರ ಸಂಜೆ ಎದುರು ಮನೆಯ ಗೇಟಿನ ಹತ್ತಿರ ಹೆಲ್ಮೆಟ್ ತೆಗೆಯದ ಒಬ್ಬ ನಿಂತಿದ್ದ. ಮೂವರೂ ಒಳಕೋಣೆ ಸೇರಿ ಪೊಲೀಸರಿಗೆ ಫೋನ್ ಮಾಡಿದರು. ಜೀಪು ಬರುವಷ್ಟರಲ್ಲಿ ಅವನು ಹೋಗಿದ್ದ. ಯಾರೆಂದು ಕೊನೆಗೂ ತಿಳಿಯಲಿಲ್ಲ.

ಎಂಟನೇ ದಿನ ಚಾಲಕರಿಬ್ಬರೂ ಸಿಕ್ಕಿಬಿದ್ದರು. ಅಳಿಯನಿಗೆ ಬೇರೆ ಆಸ್ಪತ್ರೆಗೆ ವರ್ಗವಾಯಿತು. ಸ್ಕೂಟರು ಮಾರಿ ಈಗ ಬಸ್ಸಿನಲ್ಲಿ ಓಡಾಡುತ್ತಾನೆ, ಸುತ್ತ ನಾಲ್ಕು ಜನ ಇರುತ್ತಾರೆ ಅಂತ. ನಿಲ್ದಾಣದವರೆಗೆ ಹೆಂಡತಿ ಜೊತೆಗೆ ನಡೆಯುತ್ತಾಳೆ. ಬಸ್ಸು ತಿರುವು ದಾಟುವ ತನಕ ಅಲ್ಲೇ ನಿಂತಿದ್ದು, ಆಮೇಲೆ ಹಿಂದೆ ಯಾರೂ ಬರಲಿಲ್ಲ ಅಂತ ತಾಯಿಗೆ ಫೋನ್ ಮಾಡುತ್ತಾಳೆ.