ಮಣ್ಣಿಗೆ ಬಂದವರು ಸಭೆಗೆ ಬರಲಿಲ್ಲ

ನಂಜನಗೂಡಿನಿಂದ ಟಿ. ನರಸೀಪುರದ ಕಡೆ ಹೋಗುವ ರಸ್ತೆಯಿಂದ ಒಳಕ್ಕೆ ತಿರುಗಿದರೆ ಆಲದಹುಂಡಿ. ಅಲ್ಲಿರುವುದು ಎರಡು ಬೀದಿ. ಒಂದು ದೇವಸ್ಥಾನದ ಬೀದಿ, ಇನ್ನೊಂದು ಕೆಳಗಿನ ಬೀದಿ. ಎರಡಕ್ಕೂ ನೀರು ಒಂದೇ ಟ್ಯಾಂಕಿನಿಂದ ಬರುತ್ತದೆ. ಟ್ಯಾಂಕಿನಿಂದ ಹೊರಟ ದೊಡ್ಡ ಪೈಪು ಎರಡು ಬೀದಿಗೆ ಕವಲಾಗುವ ಮೊದಲೇ ಊರ ಚರಂಡಿಯೊಳಗೆ ಹಾದು ಬರುತ್ತಿತ್ತು. ಇದು ಊರಿನ ಎಲ್ಲರಿಗೂ ಗೊತ್ತಿತ್ತು.

ಕೆಳಗಿನ ಬೀದಿಯ ಮಹದೇವಮ್ಮ ಕೂಲಿಗೆ ಹೋಗುವ ಹೆಂಗಸು. ನಾಟಿಗೆ ಇಳಿದರೆ ಸಾಲಿನಲ್ಲಿ ಎಲ್ಲರಿಗಿಂತ ಮುಂದಿರುತ್ತಿದ್ದಳು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಿಟ್ಟಾಗ ಮೊದಲು ಅಂಗೈಯಲ್ಲಿ ಹಿಡಿದು ಮೂಸುವುದು ಅವಳ ಅಭ್ಯಾಸವಾಗಿಬಿಟ್ಟಿತ್ತು.

"ಇದು ನೀರಾ, ಕಲಗಚ್ಚಾ?" ಎಂದು ಗಂಡನ ಮುಂದೆ ಹಿಡಿಯುತ್ತಿದ್ದಳು.

ಗಂಡ ಮಾದು ತಿರುಗಿಯೂ ನೋಡುತ್ತಿರಲಿಲ್ಲ. "ಮೊದ್ಲು ಬರೋದು ಅಂಗೇ ಇರ್ತದೆ. ಒಸಿ ಒತ್ತು ಬುಡು, ತಿಳಿಯಾಯ್ತದೆ."

ಅವಳು ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ಸೋಸುತ್ತಿದ್ದಳು. ಬಟ್ಟೆಯ ಮೇಲೆ ಕಪ್ಪಗೆ ಕೆಸರು ನಿಲ್ಲುತ್ತಿತ್ತು. ಅದನ್ನು ಜಾಡಿಸಿ ಮತ್ತೆ ಕಟ್ಟುತ್ತಿದ್ದಳು.

ಅದೇ ಬೀದಿಯ ಪುಟ್ಟಲಕ್ಷ್ಮಿ ಆಶಾ ಕಾರ್ಯಕರ್ತೆ. ಒಂದು ಸಂಜೆ ಅವರ ಮನೆಗೆ ಬಂದಳು. ಮಾದು ಉಣ್ಣಲು ಕೂತಿದ್ದ. ಮಗಳು ಬಿಂದುಶ್ರೀ ನಂಜನಗೂಡಿನ ಕಾಲೇಜಿನಿಂದ ಆಗಷ್ಟೇ ಬಂದು ಬ್ಯಾಗು ಇಳಿಸಿದ್ದಳು.

"ಮಾದೇವಕ್ಕ, ನೀರ ಕಾಯ್ಸೇ ಕುಡೀರಿ. ಅಂಗೇ ಕುಡೀಬ್ಯಾಡಿ," ಎಂದಳು ಪುಟ್ಟಲಕ್ಷ್ಮಿ.

"ಕಾಯ್ಸ್ತೀನಿ ಕಣವ್ವ. ಆದ್ರೆ ಕೂಲಿಗೆ ಓಗೋ ಒತ್ನಲ್ಲಿ ಎಷ್ಟಂತ ಕಾಯ್ಸ್ಲಿ? ಆ ಪೈಪ್ನೇ ಸರಿ ಮಾಡ್ಸಕಾಗಲ್ವಾ?"

"ಅದ್ನೇ ಏಳಕ್ಕೆ ಬಂದೆ. ಬುಧವಾರ ವಾರ್ಡ್ ಸಭೆ ಅದೆ. ಪೈಪ್ನ ಚರಂಡಿಯಿಂದ ಆಚೆಗೆ ಆಕಿ ಅಂತ ನಾವೇ ಓಗಿ ಕೇಳ್ಬೇಕು. ಜನ ಸೇರಿ ಕೇಳುದ್ರೆ ಬರ್ಕೋತಾರೆ, ಗ್ರಾಮಸಭೆಗೆ ಓಯ್ತದೆ, ಕೆಲ್ಸ ಮಂಜೂರಾಯ್ತದೆ. ಜನಾನೇ ಬರ್ದಿದ್ರೆ ಸಭೆ ಮುಂದಕ್ಕೆ ಆಕ್ತಾರೆ. ಕಳ್ದ ಸತಿ ಅಂಗೇ ಆಯ್ತಲ್ಲ."

ಮಾದು ಮುದ್ದೆ ಮುರಿಯುತ್ತ ನಕ್ಕ. "ಎಲೆಕ್ಷನ್ನಲ್ಲಿ ಓಟಾಕಿದ್ದೀವಲ್ಲ. ಗೆದ್ದೋರು ಮಾಡ್ಲಿ ಬುಡಮ್ಮಿ. ನಮ್ ಮಾತ ಅಲ್ಲಿ ಯಾರ್ ಕೇಳಾರು?"

"ಮಾತೇ ಆಡ್ದೆ ಇದ್ರೆ ಯಾರ್ ಕೇಳಾರಣ್ಣ?"

"ನೀವ್ ಬರ್ದಿದ್ರೆ ಬ್ಯಾಡ," ಎಂದಳು ಮಹದೇವಮ್ಮ. "ನಾನೋಯ್ತೀನಿ."

ಮಾದುವಿನ ಮುಖ ಗಂಟಾಯಿತು. "ಎಲ್ಲಿಗೆ? ದೇವಸ್ಥಾನದ ಜಗ್ಲಿಗಾ? ಅವ್ರು ಮೇಲೆ ಕೂತಿರ್ತಾರೆ, ನೀ ಕೆಳ್ಗೆ ಬಿಸ್ಲಲ್ಲಿ ನಿಂತ್ಕತೀಯ. ಮಟಮಟ ಮಧ್ಯಾನ, ಕೂಲಿ ಬುಟ್ಟು! ಮಾನ ಕಳ್ಕಬ್ಯಾಡ, ಸುಮ್ಕಿರು."

ಮಹದೇವಮ್ಮ ಬುಧವಾರ ಕೂಲಿಗೇ ಹೋದಳು.

ದೇವಸ್ಥಾನದ ಬೀದಿಯವರೂ ಸಭೆಗೆ ಹೋಗಲಿಲ್ಲ. ಅಲ್ಲಿ ಜಲಜಮ್ಮನವರ ಮನೆ. ಅವರ ಮಗ ಬದರೀನಾರಾಯಣ ಹೈಸ್ಕೂಲು ಮೇಷ್ಟ್ರು. ಕಸದ ಗಾಡಿಯ ಮೈಕಿನಲ್ಲಿ ಸಭೆಯ ವಿಷಯ ಕೂಗಿಕೊಂಡು ಹೋದಾಗ ಜಲಜಮ್ಮ ಕೇಳಿದರು: "ನೀನು ಹೋಗಲ್ವೇನೋ ಬದರಿ?"

"ನಮಗೆ ಫಿಲ್ಟರ್ ಇದೆಯಲ್ಲಮ್ಮ," ಎಂದು ಅವನು ಬೈಕು ಹತ್ತಿದ.

ದೇವಸ್ಥಾನದ ಜಗಲಿಯ ಮೇಲೆ ವಾರ್ಡ್ ಮೆಂಬರು, ಪಂಚಾಯ್ತಿಯ ಒಬ್ಬ ನೌಕರ, ಇನ್ನು ಕೆಲವರು ಕೂತು, ಪುಟ್ಟಲಕ್ಷ್ಮಿ ಕೆಳಗೆ ನಿಂತು ಕಾದರು. ಜನ ಬರದೆ ಎಲ್ಲರೂ ಹೊರಟುಹೋದರು.

ಮುಂಗಾರಿನ ಒಂದು ಜೋರು ಮಳೆಗೆ ಚರಂಡಿ ಕಟ್ಟಿಕೊಂಡು ತುಂಬಿ ಹರಿಯಿತು. ಮಾರನೆಯ ದಿನದಿಂದ ಊರಿನಲ್ಲಿ ವಾಂತಿ ಭೇದಿ ಶುರುವಾಯಿತು. ಮೊದಲು ಕೆಳಗಿನ ಬೀದಿಯ ಮಕ್ಕಳಿಗೆ, ಆಮೇಲೆ ದೊಡ್ಡವರಿಗೆ. ದೇವಸ್ಥಾನದ ಬೀದಿಯಲ್ಲಿ ಬದರೀನಾರಾಯಣನ ಹೆಂಡತಿ ಸಿಂಧು ಮಲಗಿದಳು. ಕುಡಿಯುವುದು ಫಿಲ್ಟರ್ ನೀರು, ನಿಜ. ಆದರೆ ಬಾಯಿ ಮುಕ್ಕಳಿಸುವುದು, ಸೊಪ್ಪು ತೊಳೆಯುವುದು, ಲೋಟ ತೊಳೆಯುವುದು ನಲ್ಲಿಯ ನೀರಿನಲ್ಲೇ. ಅವಳನ್ನು ತಕ್ಷಣ ಕಾರಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋದರು.

ಪುಟ್ಟಲಕ್ಷ್ಮಿ ಓಆರ್‌ಎಸ್ ಪೊಟ್ಟಣ ಹಿಡಿದು ಮನೆ ಮನೆ ತಿರುಗಿದಳು. "ನಿಂಗೇನಾರ ಆಗ್ಯದಾ ಅಕ್ಕ?" ಎಂದು ಮಹದೇವಮ್ಮನನ್ನೂ ಕೇಳಿದಳು.

"ನಂಗೇನಾಗಿಲ್ಲ. ಮಕ್ಳಿಗೆ ಕೊಡೋಗು," ಎಂದಳು ಮಹದೇವಮ್ಮ.

ಆಗಿತ್ತು. ಬೆಳಗಿನ ಜಾವದಿಂದ ಅವಳಿಗೂ ಭೇದಿಯಾಗುತ್ತಿತ್ತು. ನಾಟಿ ಒಪ್ಪಿಕೊಂಡಾಗಿದೆ, ಒಬ್ಬಳು ಕಡಿಮೆಯಾದರೆ ಉಳಿದವರಿಗೆ ಭಾರ ಎಂದು ಯಾರಿಗೂ ಹೇಳದೆ ಗದ್ದೆಗೆ ಇಳಿದಳು. ಎರಡು ಮೂರು ಸಲ ಬದುವಿನಾಚೆ ಹೋಗಿ ಬಂದಳು. ಬಿಸಿಲೇರುವ ಹೊತ್ತಿಗೆ ಪೈರಿನ ಕಟ್ಟು ಕೈಯಲ್ಲಿದ್ದಂತೆಯೇ ಕೆಸರಿನಲ್ಲಿ ಕುಸಿದಳು.

ಮಾದು ಬೇರೆಯವರ ತೋಟದಲ್ಲಿದ್ದ. ಸುದ್ದಿ ಕೇಳಿ ಓಡಿ ಬರುವಷ್ಟರಲ್ಲಿ ಹೆಂಗಸರು ಅವಳನ್ನು ರಸ್ತೆಗೆ ಎತ್ತಿ ತಂದಿದ್ದರು. ಆಂಬುಲೆನ್ಸಿಗೆ ಫೋನ್ ಮಾಡಿದರೆ, ಇದ್ದ ಗಾಡಿ ಬೇರೆ ರೋಗಿಯನ್ನು ಬಿಡಲು ಹೋಗಿದೆ, ಬರಲು ತಡವಾಗುತ್ತದೆ ಎಂದರು. ಆ ಕಡೆ ಬಂದ ತರಕಾರಿ ಸಾಗಿಸುವ ಆಟೋ ಒಂದನ್ನು ನಿಲ್ಲಿಸಿ, ಹಿಂದೆ ಗೋಣಿಚೀಲ ಹಾಸಿ ಮಲಗಿಸಿದರು. ಮಾದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅವಳ ಕಣ್ಣು ಒಳಕ್ಕೆ ಹೋಗಿತ್ತು. ಬೆರಳುಗಳು ಸುಕ್ಕು ಹಿಡಿದು ಸೆಟೆದಿದ್ದವು.

"ಮಾದೇವಿ, ಇಲ್ಲಿ ನೋಡು. ಬಂದ್ಬುಡ್ತು ಆಸ್ಪತ್ರೆ."

ಅವಳು ಏನೋ ಅಂದಳು. ಆಟೋದ ಸದ್ದಿನಲ್ಲಿ ಕೇಳಿಸಲಿಲ್ಲ. ಮಾದು ಬಗ್ಗಿ ಕಿವಿ ಕೊಟ್ಟ.

"ಕೊಡದ್ ನೀರ ಚೆಲ್ಬುಡಿ... ಬಿಂದು ಕಾಲೇಜಿಂದ ಬಂದು ಕುಡ್ದಾಳು."

ಆಸ್ಪತ್ರೆಯಲ್ಲಿ ಡಾಕ್ಟರು ಎರಡೂ ಕೈಗೆ ಡ್ರಿಪ್ ಹಾಕಿದರು. ಮೈಯಲ್ಲಿನ ನೀರಿನಂಶ ಪೂರಾ ಹೋಗಿದೆ, ಇನ್ನೂ ಮುಂಚೆ ತರಬೇಕಿತ್ತು ಎಂದರು. ಸಂಜೆಗೆ ಮೊದಲೇ ಮಹದೇವಮ್ಮ ತೀರಿಕೊಂಡಳು.

ಮಾರನೆಯ ದಿನ ಅವಳ ಮಣ್ಣಿಗೆ ಊರಿಗೆ ಊರೇ ಬಂದಿತ್ತು. ಕೆಳಗಿನ ಬೀದಿಯ ಒಂದು ಮನೆಯಲ್ಲೂ ಒಲೆ ಹಚ್ಚಲಿಲ್ಲ. ದೇವಸ್ಥಾನದ ಬೀದಿಯ ಗಂಡಸರೂ ದೂರದಲ್ಲಿ ಬಂದು ನಿಂತಿದ್ದರು. ಆಮೇಲೆ ಜೀಪುಗಳು ಬಂದವು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದರು, ಟ್ಯಾಂಕರಿನಲ್ಲಿ ನೀರು ಕಳಿಸಿದರು, ಶಾಲೆಯಲ್ಲಿ ಆರೋಗ್ಯ ಶಿಬಿರ ಮಾಡಿದರು. ನೀರುಗಂಟಿ ಚರಂಡಿಗೆ ಇಳಿದು ಕೈಗೆ ಸಿಕ್ಕಿದ ಕಡೆ ರಬ್ಬರು ಸುತ್ತಿ ಬಂದ. ಹೊಸ ಪೈಪು ಬೇಕಾದರೆ ಸಭೆಯಲ್ಲಿ ತೀರ್ಮಾನ ಆಗಬೇಕು, ಎಲ್ಲರೂ ಬನ್ನಿ ಎಂದು ಮೆಂಬರು ಹೇಳಿದ. ಬರ್ತೀವಿ ಎಂದು ಎಲ್ಲರೂ ಅಂದರು.

ಬಿಂದುಶ್ರೀ ಅಪ್ಪನ ಮೇಲೆ ಕೂಗಾಡಲಿಲ್ಲ. ಅಡಿಗೆ ಮಾಡುವಳು, ಬಡಿಸುವಳು, ಕಾಲೇಜಿಗೆ ಹೋಗುವಳು. ಒಂದು ದಿನ ಊಟಕ್ಕೆ ಕೂತಾಗ ತಟ್ಟೆಯಿಂದ ತಲೆ ಎತ್ತದೆ ಕೇಳಿದಳು:

"ಅವ್ವ ಅವತ್ತು ಸಭೆಗೆ ಓಯ್ತೀನಿ ಅಂದಿತ್ತು, ಅಲ್ವಾಪ್ಪ?"

"ಊಂ," ಎಂದ ಮಾದು.

ಮುಂದಿನ ಸಭೆಗೆ ಮಾದು ಕೂಲಿ ಬಿಟ್ಟು ಹೋದ. ಮಗಳೂ ಜೊತೆಗಿದ್ದಳು. ಮತ್ತೆ ಅದೇ ಜಗಲಿ, ಅದೇ ಮಧ್ಯಾಹ್ನ. ಅಪ್ಪ, ಮಗಳು ಮತ್ತು ಪುಟ್ಟಲಕ್ಷ್ಮಿ ಕೆಳಗೆ ಬಿಸಿಲಲ್ಲಿ ನಿಂತರು. ಮೇಲೆ ನಾಲ್ಕಾರು ಜನ ಕೂತಿದ್ದರು. ಕಾದರು. ಇನ್ಯಾರೂ ಬರಲಿಲ್ಲ. ಟ್ಯಾಂಕರಿನ ನೀರು ಚೆನ್ನಾಗಿತ್ತು, ಜನಕ್ಕೆ ಭಯ ಇಳಿದಿತ್ತು.

"ಜನ ಸಾಲ್ದು," ಎಂದು ಮೆಂಬರು ಎದ್ದ. "ಸಭೆ ಮುಂದಕ್ಕೆ ಹಾಕಿದೆ."

ಮಾದು ಅವನ ದಾರಿಗೆ ಅಡ್ಡ ನಿಂತ. "ಸಾ, ಅವ್ಳ ಮಣ್ಗೆ ಇಡೀ ಊರು ಬಂದಿತ್ತು. ನಿಲ್ಲಕ್ಕೆ ಜಾಗ ಇರ್ನಿಲ್ಲ. ಸತ್ ಮೇಲೆ ಬತ್ತಾರೆ. ಸಾಯ್ದಂಗೆ ಮಾಡಿ ಅಂತ ಕೇಳಕ್ಕೆ ಒಬ್ರೂ ಬರಾಕಿಲ್ವಾ?"

ಮೆಂಬರು ಅವನನ್ನು ಬಳಸಿಕೊಂಡು ಹೊರಟುಹೋದ. ಮಾದು ಅಲ್ಲೇ ಮೆಟ್ಟಿಲ ಬುಡದಲ್ಲಿ ಕೂತುಬಿಟ್ಟ. ಎದುರು ಮನೆಯ ಬಾಗಿಲಲ್ಲಿ ನಿಂತಿದ್ದ ಜಲಜಮ್ಮ ಇದನ್ನೆಲ್ಲ ಕೇಳಿಸಿಕೊಂಡರು.

ಎರಡು ದಿನ ಬಿಟ್ಟು ಜಲಜಮ್ಮ ಕೋಲೂರಿಕೊಂಡು ಕೆಳಗಿನ ಬೀದಿಗೆ ಬಂದರು. ಅವರು ಅದುವರೆಗೆ ಆ ಬೀದಿಗೆ ಕಾಲಿಟ್ಟಿರಲೇ ಇಲ್ಲ. ಮಾದು ಗಾಬರಿಯಿಂದ ಎದ್ದು ಕುರ್ಚಿ ಒರೆಸಿ ಹಾಕಿದ.

"ನಿಮ್ಮ ಬೀದಿಯವರಿಗೇ ಕಷ್ಟ ಜಾಸ್ತಿಯಾದದ್ದು. ಆದ್ರೂ ಯಾಕಪ್ಪ ಯಾರೂ ಬರ್ಲಿಲ್ಲ?" ಎಂದು ಕೇಳಿದರು.

ಜಲಜಮ್ಮನವರನ್ನು ಕಂಡು ಬಂದು ನಿಂತಿದ್ದ ಪುಟ್ಟಲಕ್ಷ್ಮಿ ಹೇಳಿದಳು: "ಅಮ್ಮೋರೆ, ಸಭೆ ಇಡೋದು ಮಧ್ಯಾನ. ಆವಾಗ ನಮ್ಮೋರೆಲ್ಲ ಗದ್ದೆಲಿರ್ತಾರೆ. ಇಡೋದು ದೇವಸ್ಥಾನದ ಜಗ್ಲಿ ಮೇಲೆ. ಅಲ್ಲಿ ನಾವು ಕೂರಂಗಿಲ್ಲ. ನಿಂತ್ಕಂಡು ಕೇಳಿ ಬರೋದು ಭಿಕ್ಷೆ ಬೇಡ್ದಂಗಾಯ್ತದೆ. ಅದ್ಕೇ ಬರಾಕಿಲ್ಲ."

ಜಲಜಮ್ಮ ಕೋಲು ಹಿಡಿದು ಎದ್ದರು. "ನಾವಾದ್ರೂ ಬಂದ್ವಾ? ನಮಗೆ ಜಗಲಿ ಇತ್ತು. ನಾವೂ ಬರ್ಲಿಲ್ಲ," ಎಂದರು.

ಮನೆಗೆ ಹೋಗಿ ಮಗನಿಗೆ ಹೇಳಿದರು: "ಮೆಂಬರಿಗೆ ಹೇಳು. ಸಭೆ ಶಾಲೆ ಅಂಗಳದಲ್ಲಿ ಇಡಲಿ, ಸಂಜೆ, ಕೆಲಸ ಮುಗಿದ ಮೇಲೆ. ಎಲ್ಲರೂ ಒಂದೇ ಸಮಕ್ಕೆ ಕೂರಲಿ."

"ಹಿಂದಿನಿಂದ ಜಗಲಿ ಮೇಲೇ ನಡೆಯೋದಮ್ಮ. ಈಗ ಬದಲಾಯಿಸಿದ್ರೆ ಬೀದಿಯವರು ಏನಂತಾರೆ?"

"ಸಿಂಧು ವಾಂತಿ ಮಾಡ್ಕೊಂಡು ಒದ್ದಾಡ್ತಿದ್ದಾಗ ಬೀದಿಯವರು ಏನಂದ್ರೋ? ನಮ್ಮನೇಲಿ ಕಾರಿತ್ತು, ಉಳ್ಕೊಂಡ್ಲು. ಅವರ ಮನೇಲಿ ಇರ್ಲಿಲ್ಲ. ಅಷ್ಟೇ ಕಣೋ ವ್ಯತ್ಯಾಸ. ಪೈಪು ಒಂದೇ."

ಒಳಗಿನಿಂದ ಸಿಂಧು ಬಂದು ಅತ್ತೆಯ ಪಕ್ಕ ನಿಂತಳು. "ನಾನೂ ಬರ್ತೀನಿ ಸಭೆಗೆ," ಎಂದಳು. ಬದರೀನಾರಾಯಣ ಮೆಂಬರನ್ನು ನೋಡಲು ಹೊರಟ.

ಪುಟ್ಟಲಕ್ಷ್ಮಿ ಮತ್ತು ಬಿಂದುಶ್ರೀ ಒಂದು ಬೀದಿ, ಜಲಜಮ್ಮ ಮತ್ತು ಸಿಂಧು ಇನ್ನೊಂದು ಬೀದಿ ಸುತ್ತಿದರು. ಎಷ್ಟೋ ಮನೆಯಲ್ಲಿ ಟಿವಿ ಸದ್ದು ಕಡಿಮೆ ಮಾಡದೆಯೇ ಹೂಂ ಅಂದು ಕಳಿಸಿದರು. ಕೆಲವರು ಬಾಗಿಲೇ ತೆರೆಯಲಿಲ್ಲ. ಆದರೂ ಗೊತ್ತುಮಾಡಿದ ಸಂಜೆ ಶಾಲೆಯ ಅಂಗಳದಲ್ಲಿ ಸಭೆ ನಡೆಯುವಷ್ಟು ಜನ ಸೇರಿದರು. ಕೆಳಗಿನ ಬೀದಿಯ ಹೆಂಗಸರು ಗದ್ದೆಯಿಂದ ನೇರವಾಗಿ ಬಂದಿದ್ದರು. ಒಂದೇ ಜಮಖಾನ ಹಾಸಿತ್ತು. ಮೊದಲು ಎಲ್ಲರೂ ಅಂಚಿನಲ್ಲೇ ಕೂತರು. ಆಮೇಲೆ ಜಾಗ ಸಾಲದೆ ಒತ್ತರಿಸಿ ಕೂತರು.

ಮಾದುವಿಗೆ ಮಾತಾಡಲು ಹೇಳಿದರು. ಅವನು ಎದ್ದು ನಿಂತ. "ನನ್ನೆಂಡ್ತಿ ಬತ್ತೀನಿ ಅಂದ್ಲು. ನಾ ಬುಡ್ನಿಲ್ಲ," ಎಂದ. ಅಷ್ಟು ಹೇಳಿ ಕೂತ. ಮೆಂಬರು ಬರೆದುಕೊಳ್ಳಲು ಪುಸ್ತಕ ತೆಗೆದ.

ಪೈಪನ್ನು ಚರಂಡಿಯಿಂದ ಹೊರಕ್ಕೆ ಹಾಕಬೇಕು, ಟ್ಯಾಂಕನ್ನು ತಪ್ಪದೆ ತೊಳೆಸಬೇಕು, ಅದನ್ನು ನೋಡಿಕೊಳ್ಳಲು ಎರಡೂ ಬೀದಿಯ ಹೆಂಗಸರಿರುವ ಸಮಿತಿ ಬೇಕು ಎಂದು ತೀರ್ಮಾನವಾಯಿತು. ಕೆಲಸ ಕೂಡಲೇ ಆಗಲಿಲ್ಲ. ಬಿಂದುಶ್ರೀ, ಪುಟ್ಟಲಕ್ಷ್ಮಿ, ಸಿಂಧು ಪಂಚಾಯ್ತಿಗೆ ಅಲೆದರು. ತಿಂಗಳುಗಳು ಕಳೆದವು. ಬೇಸಿಗೆಗೆ ಮುಂಚೆ ಹೊಸ ಪೈಪು ಬಂತು.

ಹಳೆಯ ಪೈಪನ್ನು ಚರಂಡಿಯಿಂದ ಕಿತ್ತು ರಸ್ತೆಯ ಬದಿಗೆ ಎಸೆದ ದಿನ ಮಾದು ಮಗಳ ಜೊತೆ ಅಲ್ಲಿಗೆ ಹೋದ. ಕೆಲಸದವನೊಬ್ಬ ಪೈಪನ್ನು ಉರುಳಿಸಿ ತೋರಿಸಿದ. ಕೂಡಿಸಿದ ಕಡೆ ಒಂದು ಸೀಳು. ಹೆಬ್ಬೆರಳು ತೂರುವಷ್ಟು. ಅದರ ಸುತ್ತ ಯಾರೋ ಯಾವಾಗಲೋ ಟೈರಿನ ಟ್ಯೂಬು ಸುತ್ತಿದ್ದರು, ಅದು ಕೊಳೆತು ಜೋತುಬಿದ್ದಿತ್ತು.

ಮಾದು ಕುಕ್ಕರುಗಾಲಿನಲ್ಲಿ ಕೂತು ಆ ತೂತಿನ ಮೇಲೆ ಬೆರಳಿಟ್ಟ.

"ಇಷ್ಟಕ್ಕಾ?" ಎಂದ.

ಬಿಂದುಶ್ರೀ ಅಪ್ಪನ ಭುಜ ಹಿಡಿದು ಎಬ್ಬಿಸಬೇಕಾಯಿತು.

ಈಗ ಆಲದಹುಂಡಿಯಲ್ಲಿ ನೀರು ತಿಳಿಯಾಗಿದೆ. ಮಾದು ಯಾವ ಸಭೆಯನ್ನೂ ತಪ್ಪಿಸುವುದಿಲ್ಲ. ಬದರೀನಾರಾಯಣನೂ ಬರುತ್ತಾನೆ. ಆದರೆ ಮೊನ್ನೆಯ ಸಭೆಗೆ ಜನ ಮತ್ತೆ ಕಡಿಮೆಯಾಗಿದ್ದರು. ನೀರು ಸರಿಯಾಯಿತಲ್ಲ, ಇನ್ನೇನು ಎಂದು ಕೆಲವರು ಮನೆಯಲ್ಲೇ ಉಳಿದುಬಿಟ್ಟರು. ಚರಂಡಿ ಇನ್ನೂ ಕಟ್ಟಿಕೊಂಡೇ ಇದೆ. ಅಂಗನವಾಡಿಯ ಮಾಡು ಸೋರುತ್ತಿದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಪೈಪು ಎಲ್ಲಿ ಹಾದು ಬರುತ್ತದೆ ಎಂದು ನಿಮಗೆ ಗೊತ್ತಿದೆಯೇ? ಗೊತ್ತಿದ್ದೂ ಸುಮ್ಮನಿದ್ದೀರಾ? ನಿಮ್ಮ ವಾರ್ಡ್ ಸಭೆ, ಗ್ರಾಮಸಭೆ ಯಾವತ್ತು ಎಂದು ಪಂಚಾಯ್ತಿಯಲ್ಲಿ ಇವತ್ತೇ ವಿಚಾರಿಸಿ. ದುಡಿಯುವವರು ಬರಲಾಗದ ಹೊತ್ತಿನಲ್ಲಿ ಇಟ್ಟಿದ್ದರೆ ಹೊತ್ತು ಬದಲಾಯಿಸಿ ಎಂದು ಕೇಳಿ. ಎಲ್ಲರೂ ಸರಿಸಮಕ್ಕೆ ಕೂರಲಾಗದ ಜಾಗದಲ್ಲಿ ಇಟ್ಟಿದ್ದರೆ ಜಾಗ ಬದಲಾಯಿಸಿ ಎಂದು ಕೇಳಿ. ಹೆಂಗಸರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಹೊರಡುವಾಗ ಪಕ್ಕದ ಮನೆಯ ಬಾಗಿಲನ್ನೂ ತಟ್ಟಿ. ಬರಲ್ಲ ಎಂದರೆ ಇನ್ನೊಂದು ಸಲ ತಟ್ಟಿ.