ಮಿಕ್ಸಿ ಜಾರಿನ ಜಿಡ್ಡು

ಒಂದ್ನಿಮಿಷ, ಎದ್ದು ಹೋಗ್ಬೇಡಿ, ಇದನ್ನ ಪೂರ್ತಿ ಕೇಳಿ. ಅರ್ಧಕ್ಕೇ "ಅಯ್ಯೋ ಪಾಪ" ಅಂದ್ಬಿಡೋರು ಜಾಸ್ತಿ, ನಂಗೆ ಅಯ್ಯೋ ಪಾಪ ಬೇಡ, ಉತ್ತರ ಬೇಕು.

ನಮ್ಮ ದೊಡ್ಡಪ್ಪಂದು ಜ್ಯೂಸ್ ಅಂಗಡಿ. ಎರಡು ಮಿಕ್ಸಿ, ಒಂದು ಫ್ರಿಜ್ಜು, ಮುಂದೆ ನಾಲ್ಕು ಸ್ಟೂಲು, ಅಷ್ಟೇ. ಅಕ್ಕ, ಅಂದ್ರೆ ದೊಡ್ಡಪ್ಪನ ಒಬ್ಳೇ ಮಗಳು, ಬೆಳೆದಿದ್ದೇ ಆ ಸ್ಟೂಲ್ ಮೇಲೆ. ಗಿರಾಕಿ ಗ್ಲಾಸ್ ತುಂಬಿದ್ಮೇಲೆ ಜಾರಲ್ಲಿ ಗಟ್ಟಿ ತಳ ಉಳಿಯುತ್ತಲ್ಲ, ಅದು ಅವಳಿಗೇ ಮೀಸಲು. "ಗುಂಡಮ್ಮ, ಬಾ, ನಿನ್ನ ಪಾಲು" ಅಂತ ಕರೆಯೋರು. ನನಗೂ ಕೊಡ್ತಿದ್ರು, ಆದ್ರೆ ನಾನು ಕಡ್ಡಿ, ಏನ್ ತಿಂದ್ರೂ ಮೈಗೆ ಹತ್ತಲ್ಲ. ಅವಳಿಗೆ ಹತ್ತಿದ್ದೆಲ್ಲ ಸೊಂಟ ಬಿಟ್ಟು ಕದಲ್ಲಿಲ್ಲ. ಸ್ಕೂಲಲ್ಲಿ ಹುಡುಗ್ರು ಆಡ್ಕೊಂಡ್ರೆ ದೊಡ್ಡಪ್ಪ, "ಒಣಗಿದ ಹಣ್ಣು ಯಾರು ತಗೋತಾರೆ, ಬಿಡೇ" ಅಂತ ನಗಿಸಿಬಿಡೋರು.

ಆಮೇಲೆ ದೊಡ್ಡಪ್ಪನ ಕಣ್ಣು ಹಳದಿಯಾಯ್ತು, ಹೊಟ್ಟೇಲಿ ನೀರು ತುಂಬ್ಕೊಳ್ತು. ಜೀವನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದ ಮನುಷ್ಯ ಅಲ್ಲ! ಡಾಕ್ಟ್ರು ಅಂದ್ರು, ಕುಡೀಲೇಬೇಕು ಅಂತಿಲ್ಲ, ವರ್ಷಗಟ್ಲೆ ಕೊಬ್ಬು ತುಂಬ್ಕೊಂಡ್ರೂ ಲಿವರ್ ಹಿಂಗೇ ಗಂಟುಗಂಟಾಗುತ್ತೆ ಅಂತ. ಬೇರೆ ಲಿವರ್ ಹಾಕ್ಲೇಬೇಕು. ಸತ್ತೋರ ಲಿವರ್‌ಗೆ ಸಾಲು ಉದ್ದ. ಮನೆಯೋರಲ್ಲಿ ಯಾರಾದ್ರೂ ಒಂದು ಭಾಗ ಕೊಟ್ರೆ ಆಗುತ್ತೆ. ದೊಡ್ಡಮ್ಮನ ರಕ್ತದ ಗುಂಪು ಹೊಂದಲಿಲ್ಲ, ನಮ್ಮಪ್ಪಂದೂ ಇಲ್ಲ, ನಂದೂ ಇಲ್ಲ. ಅಕ್ಕಂದು ಹೊಂದ್ತು. ಆಗಷ್ಟೇ ಹದಿನೆಂಟು ತುಂಬಿತ್ತು ಅವಳಿಗೆ.

ಸ್ಕ್ಯಾನ್ ಮಾಡಿದ್ರೆ ಅವಳದೂ ಫ್ಯಾಟಿ ಲಿವರ್.

"ನಿಮ್ಮಪ್ಪಂಗೂ ಹಿಂಗೇ ಶುರುವಾಗಿರುತ್ತೆ," ಅಂದ್ರು ಡಾಕ್ಟ್ರು. "ಆದ್ರೆ ನಿಂದು ಚಿಕ್ಕ ವಯಸ್ಸು, ತೂಕ ಇಳಿಸಿದ್ರೆ ಇದೂ ಇಳಿಯುತ್ತೆ. ಎರಡು ತಿಂಗಳು ನೋಡೋಣ. ಇಳೀಲಿಲ್ವಾ, ನಿನ್ನ ಮುಟ್ಟಲ್ಲ."

"ಅವಳಿಗೇನೂ ಆಗಲ್ವಲ್ಲ ಸಾರ್?" ಅಂದ್ರು ದೊಡ್ಡಪ್ಪ.

"ಅಪಾಯ ಕಮ್ಮಿ. ಇಲ್ವೇ ಇಲ್ಲ ಅಂತ ಹೇಳಕ್ಕಾಗಲ್ಲ."

ದೊಡ್ಡಪ್ಪ ಆ ಎರಡನೇ ಮಾತು ಒಂದೇ ಕೇಳಿಸ್ಕೊಂಡ್ರು ಅನ್ಸುತ್ತೆ. ಆಟೋದಲ್ಲೇ ಶುರು ಮಾಡಿದ್ರು. "ಬೇಡ ಗುಂಡಮ್ಮ, ನಂದು ಮುಗೀತು ಬಿಡು."

"ಬಾಯ್ ಮುಚ್ಕೊಂಡಿರಪ್ಪ. ನಾನ್ ಕೊಡೋಳೇ."

ಅಬ್ಬಾ, ಆಮೇಲೆ ಅವಳನ್ನ ನೀವು ನೋಡ್ಬೇಕಿತ್ತು! ಬೆಳಿಗ್ಗೆ ಮೈದಾನದ ಸುತ್ತ ಓಟ, ನಾನು ಜೊತೆಗೆ. ತೊಡೆ ಉಜ್ಜಿ ಉಜ್ಜಿ ಚರ್ಮ ಕಿತ್ತು ಬಂದ್ರೂ ಬಿಡ್ಲಿಲ್ಲ. ಸಕ್ಕರೆ ಬಂದ್, ಕರಿದಿದ್ದು ಬಂದ್, ಬೇಯಿಸಿದ ತರಕಾರಿ, ಮೊಟ್ಟೆ. "ನಾನೀಗ ಮೊಲ ಕಣೇ, ಕಿವಿ ಒಂದು ಬೆಳೀಬೇಕು" ಅನ್ನೋಳು. ಸಂಜೆಗೆ ಒಂದು ದೊಡ್ಡ ಲೋಟ ಕುಂಬಳಕಾಯಿ ಸೂಪು. ಅದನ್ನ ದೊಡ್ಡಪ್ಪಾನೇ ಅಂಗಡಿ ಮಿಕ್ಸೀಲಿ ಮಾಡೋರು. ನಿಲ್ಲಕ್ಕಾಗ್ತಿರ್ಲಿಲ್ಲ, ಸ್ಟೂಲ್ ಮೇಲೆ ಕೂತ್ಕೊಂಡೇ ಮಾಡೋರು. ಬೇರೆ ಯಾರ್ಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ. ಗಿರಾಕಿಗಳ ಹತ್ರ, "ನೋಡ್ರಿ ನನ್ನ ಕಣ್ಣು, ಮೂಸಂಬಿ ಬಣ್ಣ, ಇನ್ನು ಬೋರ್ಡೂ ಬೇಡ" ಅಂತ ತಮಾಷೆ ಬೇರೆ.

"ಈ ಸೂಪ್ ಒಂದಿಲ್ದಿದ್ರೆ ನಾನು ಯಾವತ್ತೋ ಕೈ ಚೆಲ್ಲಿರ್ತಿದ್ದೆ," ಅನ್ನೋಳು ಅಕ್ಕ. "ಸಂಜೆ ಇದು ಸಿಗುತ್ತೆ ಅಂತಾನೇ ಹಸಿವು ತಡ್ಕೋತೀನಿ."

ತೂಕ ಮಾತ್ರ ಇಳೀಲೇ ಇಲ್ಲ. ಮೆಷಿನ್ನೇ ಕೆಟ್ಟಿದೆ ಅಂತ ಪಕ್ಕದ ಮೆಡಿಕಲ್ ಶಾಪಲ್ಲೂ ಹತ್ತಿ ನೋಡಿದ್ವಿ.

ಎರಡು ತಿಂಗಳಾಯ್ತು, ಸ್ಕ್ಯಾನ್ ಆಯ್ತು. ಕೊಬ್ಬು ಮೊದಲಿಗಿಂತ ಜಾಸ್ತಿ! ಡಾಕ್ಟ್ರು ಕನ್ನಡಕ ತೆಗೆದಿಟ್ರು. "ಆಗಲ್ಲಮ್ಮ. ಇನ್ನೊಂದ್ಸಲ ಕಾಯೋಷ್ಟು ಶಕ್ತಿ ಅವರಲ್ಲಿಲ್ಲ."

ಅಕ್ಕ ಅಳ್ಲಿಲ್ಲ. ಕಾರಿಡಾರಲ್ಲಿ ಹೊಟ್ಟೆ ಮೇಲಿನ ಮಾಂಸ ಮುಷ್ಟೀಲಿ ಹಿಡ್ಕೊಂಡು ನಿಂತಿದ್ಳು. "ಇದೇ ಕಣೇ, ಇದೇ ಅಪ್ಪನ್ನ ತಿಂದಿದ್ದು."

ಅವತ್ತು ಅಂಗಡಿ ತೊಳೆಯಕ್ಕೆ ನಾನು ಹೋದೆ. ಜ್ಯೂಸ್ ಜಾರ್ ತೊಳೆಯೋದೇನು ಮಹಾ, ನೀರು ಹಾಕಿ ಅಲ್ಲಾಡ್ಸಿದ್ರೆ ಮುಗೀತು. ಆದ್ರೆ ಸೂಪ್ ಜಾರು ಕೈಲಿ ಜಾರ್ತಿತ್ತು. ಒಳಗೆಲ್ಲ ಜಿಡ್ಡು. ಸೋಪ್ ಹಾಕಿ ಎರಡ್ಸಲ ಉಜ್ಜಿದ್ರೂ ಬಿಡ್ತಿಲ್ಲ. ಕುಂಬಳಕಾಯಿಗೆ ಎಲ್ಲಿಂದ ಬಂತು ಜಿಡ್ಡು? ಫ್ರಿಜ್ಜು ತೆಗ್ದೆ. ಕೆಳಗಡೆ, ಹಣ್ಣಿನ ಹಿಂದೆ, ಕ್ರೀಮಿನ ಡಬ್ಬ, ಒಂದು ಬೆಣ್ಣೆ ಗಡ್ಡೆ, ಸಕ್ಕರೆ ಪಾಕದ ಬಾಟ್ಲಿ.

"ಮುಚ್ಚು ಅದನ್ನ, ತಣ್ಣಗಿರೋದೆಲ್ಲ ಹಾಳಾಗುತ್ತೆ," ಅಂದ್ರು ಹಿಂದಿಂದ ದೊಡ್ಡಪ್ಪ.

"ದೊಡ್ಡಪ್ಪ! ಅವಳು ಎರಡು ತಿಂಗಳು ಹಸ್ಕೊಂಡು ಒದ್ದಾಡಿದ್ಳಲ್ಲ!"

"ಹಸಿವಾಗದ ಹಾಗೆ ನಾನು ನೋಡ್ಕೊಂಡೆ."

"ಬೇಡ ಅಂತ ಹೇಳಿದ್ರೆ ಆಗ್ತಿರ್ಲಿಲ್ವಾ?"

"ಹೇಳಿದ್ನಲ್ಲ, ಕೇಳಿದ್ಳಾ? ಅವಳ ಹಠ ನಿಂಗೊತ್ತಿಲ್ವಾ? ಅವಳ ಹೊಟ್ಟೆ ಕೊಯ್ಸಿ ನಾನು ಇಲ್ಲಿ ಕೂತ್ಕೊಂಡು ಹಣ್ಣು ಸುಲೀಬೇಕಾ?"

"ಕೊಟ್ಟ ಲಿವರ್ ಮತ್ತೆ ಬೆಳೆಯುತ್ತೆ ಅಂತ ಡಾಕ್ಟ್ರು ಹೇಳ್ಲಿಲ್ವಾ? ಈಗ ಅವಳದೂ ನಿಮ್ಮ ದಾರೀನೇ ಹಿಡೀತಿದೆ."

ದೊಡ್ಡಪ್ಪ ಸ್ಟೂಲ್ ಮೇಲೆ ಕೂತು, ಊದಿದ ಕಾಲು ನೋಡ್ಕೊಂಡು ಅಂದ್ರು: "ಅವಳಿಗೆ ಹೇಳ್ಬೇಡ. ಇರೋ ನಾಲ್ಕು ದಿನ ನನ್ನ ಮುಖ ನೋಡ್ಕೊಂಡಿರ್ಲಿ."

ಈಗ ದೊಡ್ಡಪ್ಪ ಹಾಸಿಗೆ ಹಿಡಿದಿದ್ದಾರೆ, ಗುರುತು ಹಿಡಿಯೋದೂ ಒಂದ್ಸಲ ಹೌದು, ಒಂದ್ಸಲ ಇಲ್ಲ. ಅಕ್ಕ ಪಕ್ಕದಲ್ಲೇ ಕೂತು ಅವರ ಕಾಲು ಒತ್ತುತ್ತಾಳೆ. ಊಟ ಬಿಟ್ಟಿದ್ದಾಳೆ, ತಟ್ಟೆ ತಂದ್ರೆ ಮುಖ ತಿರುಗಿಸ್ತಾಳೆ. ನಿನ್ನೆ ನನ್ನ ಕೇಳಿದ್ಳು, "ನಿಜ ಹೇಳೇ, ನಾನೆಲ್ಲಿ ತಪ್ಪಿದೆ? ಒಂದಿನಾನೂ ಕದ್ದು ತಿನ್ಲಿಲ್ವಲ್ಲೇ."

ಹೇಳಿದ್ರೆ ಅವಳ ಕೈಯಿಂದ ಆ ಕಾಲು ಬಿಡಿಸಿದ ಹಾಗೆ. ಹೇಳ್ದಿದ್ರೆ ಅಪ್ಪನ್ನ ನಾನೇ ಕೊಂದೆ ಅಂತ ಇರೋವರೆಗೂ ಹೊತ್ಕೊಂಡಿರ್ತಾಳೆ. ದೊಡ್ಡಪ್ಪ ಅಂತೂ ಹೆಂಗಿದ್ರೂ ಉಳಿಯಲ್ಲ. ನಿನ್ನೆಯಿಂದ ಅವಳು ನನ್ನ ಮುಖಾನೇ ನೋಡ್ತಿದ್ದಾಳೆ.

ನೀವಾಗಿದ್ರೆ ಏನ್ ಮಾಡ್ತಿದ್ರಿ?